ಕೊಯ್ಯದೆ ಬಿಡುವ ಮೂರು ಬೆರಳಗಲ

ಮಗಾ, ನಿನ್ನೆ ಸಂಜೆ ಬೈಕಿನ ಹಿಂದೆ ಮರ ಕೊಯ್ಯುವ ಹೊಸ ಮಷೀನು ಕಟ್ಟಿಕೊಂಡು ಬಂದು ನಮ್ಮ ಜಗಲಿಯ ಮೇಲೆ ಇಟ್ಟೆಯಲ್ಲ, ಚೆನ್ನಾಗಿದೆ. ಹಗುರವಾಗಿದೆ, ಹಿಡಿ ಕೈಗೆ ಕೂರುತ್ತದೆ, ಬ್ರೇಕು ಟಕ್ಕನೆ ಬೀಳುತ್ತದೆ. ನಿನಗೆ ಹೇಳಲಿಲ್ಲ, ನನಗೂ ಒಳಗೊಳಗೇ ಖುಷಿಯಾಯಿತು. ನಮ್ಮ ಮನೆಯಲ್ಲಿ ಮರದ ಕೆಲಸ ನನ್ನ ತಲೆಗೇ ಮುಗಿಯಿತು ಅಂದುಕೊಂಡಿದ್ದೆ. ಆದರೆ ನೀನು ಅತ್ತ ಹೋದ ಮೇಲೆ ನಿಮ್ಮಮ್ಮ ಬಂದು, ಊರಾಚೆ ಹೆಂಚಿನ ಮನೆಯವರ ಹಿತ್ತಿಲಿನ ಬೇವಿನ ಮರ ಉರುಳಿಸಿಕೊಡುತ್ತೇನೆ ಅಂತ ಆಗಲೇ ಮುಂಗಡ ಹಿಡಿದಿದ್ದೀಯ ಎಂದಳು. ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಬಾಯಲ್ಲಿ ಹೇಳೋಣವೆಂದರೆ ನಡುವೆ ನಿನಗೆ ಫೋನು ಬರುತ್ತದೆ, ಎದ್ದು ಹೋಗುತ್ತೀಯ. ನನಗೂ ಕಿವಿ ಮಂದ, ನೀನು ಎದುರು ಕೇಳಿದ್ದು ಅರ್ಧ ಕೇಳಿಸುವುದಿಲ್ಲ. ಅದಕ್ಕೆ ಬರೆದಿಟ್ಟಿದ್ದೇನೆ, ನಿಧಾನವಾಗಿ ಓದು.

ಈ ಕಿವಿಯ ಕಥೆಯನ್ನೇ ಮೊದಲು ಹೇಳಿಬಿಡುತ್ತೇನೆ. ನಮ್ಮಪ್ಪನ ಕಿವಿ ಎಂಬತ್ತು ದಾಟಿದ ಮೇಲೂ ಚುರುಕಾಗಿತ್ತು. ಅವರು ಕೊಡಲಿ, ಗರಗಸದ ಕಾಲದವರು. ನಾನು ಮಷೀನು ಹಿಡಿದ ಮೇಲೆ ವರ್ಷಗಟ್ಟಲೆ ಕಿವಿಗೆ ಏನೂ ಹಾಕದೆ ಕೊಯ್ದೆ. ದಿನವಿಡೀ 85 ಡೆಸಿಬಲ್ ಸದ್ದಿನಲ್ಲಿದ್ದರೇ ಕಿವಿ ಕೆಡುತ್ತದೆ ಅನ್ನುತ್ತಾರೆ ಡಾಕ್ಟರು. ಈ ಮಷೀನಿನ ಸದ್ದು 100 ದಾಟುತ್ತದೆ. ಈಗ ಮಧ್ಯರಾತ್ರಿಯಲ್ಲಿ ಎದ್ದು ಕೂತರೂ ನನ್ನ ಬಲಗಿವಿಯಲ್ಲಿ ಜೀರುಂಡೆ ಕೂಗುತ್ತಲೇ ಇರುತ್ತದೆ. ಅದಕ್ಕೆ ಔಷಧಿ ಇಲ್ಲ. ಹಾಗಾಗಿ ಮಷೀನು ಕೊಂಡ ಅಂಗಡಿಗೇ ವಾಪಸ್ ಹೋಗಿ ಕಿವಿಗೆ ಹಾಕುವುದು, ಮುಖದ ಜಾಲರಿ ಇರುವ ಹೆಲ್ಮೆಟ್ಟು, ತೊಡೆಗೆ ಕಟ್ಟುವ ಕವಚ ಇಷ್ಟನ್ನೂ ತೆಗೆದುಕೊಂಡು ಬಾ. ಆ ಕವಚದ ಒಳಗೆ ಉದ್ದುದ್ದ ನಾರಿನ ಎಳೆಗಳಿರುತ್ತವೆ. ಚೈನು ತಾಗಿದೊಡನೆ ಅವು ಕಿತ್ತು ಬಂದು ಹಲ್ಲಿಗೆ, ಗಾಲಿಗೆ ಸುತ್ತಿಕೊಂಡು ಚೈನನ್ನು ನಿಲ್ಲಿಸಿಬಿಡುತ್ತವೆ. ದುಡ್ಡು ಸಾಲದಿದ್ದರೆ ನನ್ನನ್ನು ಕೇಳು. ಪಂಚೆ ಉಟ್ಟು, ಕೊರಳಿಗೆ ಟವೆಲ್ ಹಾಕಿಕೊಂಡು, ಹವಾಯಿ ಚಪ್ಪಲಿಯಲ್ಲಿ ಮಾತ್ರ ಮಷೀನು ಹತ್ತಿರ ಹೋಗಬೇಡ. ಟವೆಲಿನ ತುದಿ ಚೈನಿಗೆ ಸಿಕ್ಕಿದರೆ ಕೊರಳೂ ಅದರ ಹಿಂದೆಯೇ ಹೋಗುತ್ತದೆ.

ನಾನು ಈ ಕೆಲಸಕ್ಕೆ ಬಂದಾಗ ನನಗೆ ಹದಿನಾರು. ಗರಗಸದ ಒಂದು ತುದಿ ನಮ್ಮಪ್ಪನ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. "ಎಳೆ, ನೂಕಬೇಡ" ಅನ್ನುವುದು ಅವರು ಕಲಿಸಿದ ಮೊದಲ ಪಾಠ. ಗರಗಸವನ್ನು ನೂಕಿದರೆ ಬಳುಕುತ್ತದೆ, ಎಳೆದರೆ ನೆಟ್ಟಗೆ ಹೋಗುತ್ತದೆ. ಎರಡಡಿ ದಪ್ಪದ ಜಾಲಿ ಕೊಯ್ಯುವುದಕ್ಕೆ ಅರ್ಧ ದಿನ ಹಿಡಿಯುತ್ತಿತ್ತು. ಆ ಅರ್ಧ ದಿನದಲ್ಲಿ ಮರ ಏನೇನು ಹೇಳುತ್ತದೋ ಅದೆಲ್ಲ ನಮಗೆ ಕೇಳಿಸುತ್ತಿತ್ತು. ಎಲ್ಲಿ ಬಿಗಿ ಹಿಡಿಯಿತು, ಎಲ್ಲಿ ಸಡಿಲಿತು, ಒಳಗೆ ಯಾವ ಎಳೆ ಕಿರುಗುಟ್ಟಿತು ಎಂದು ತಿಳಿಯುತ್ತಿತ್ತು. ನಿನ್ನ ಮಷೀನು ಅದೇ ಮರವನ್ನು ಐದು ನಿಮಿಷದಲ್ಲಿ ಮುಗಿಸುತ್ತದೆ. ಮಿಕ್ಕ ಹೊತ್ತನ್ನು ನೀನು ಮೊದಲೇ, ಮಷೀನು ಚಾಲು ಮಾಡುವ ಮುಂಚೆ, ಮರದ ಸುತ್ತ ಕಳೆಯಬೇಕು. ನಾನು ಹೇಳುವುದರಲ್ಲಿ ಇದೊಂದನ್ನಾದರೂ ಹಿಡಿದಿಟ್ಟುಕೋ.

ಮರದ ಸುತ್ತ ನಾಲ್ಕೂ ದಿಕ್ಕಿನಿಂದ ನಿಂತು ನೋಡು. ಒಂದು ದಿಕ್ಕಿನಿಂದ ನೆಟ್ಟಗೆ ಕಂಡದ್ದು ಇನ್ನೊಂದು ದಿಕ್ಕಿನಿಂದ ವಾಲಿರುತ್ತದೆ. ದಾರಕ್ಕೆ ಕಲ್ಲು ಕಟ್ಟಿ ತೂಗುಗುಂಡಿನಂತೆ ಕಣ್ಣೆದುರು ಹಿಡಿದು ನೋಡಿದರೆ ವಾಲು ಗೊತ್ತಾಗುತ್ತದೆ. ಕಾಂಡ ಒಂದು ಕಡೆ ವಾಲಿ, ತಲೆಯ ಭಾರ ಇನ್ನೊಂದು ಕಡೆ ಇರುವುದೂ ಉಂಟು. ಕೊಂಬೆಗಳು ಯಾವ ಕಡೆ ಹೆಚ್ಚು, ಎಲ್ಲಿ ಒಣಗಿದ ಕೊಂಬೆ ಸಿಕ್ಕಿಕೊಂಡಿದೆ ಎಂದು ಎಣಿಸು. ಒಣಗಿದ ಕೊಂಬೆ ಮಷೀನಿನ ಅದುರಿಗೆ ಸದ್ದಿಲ್ಲದೆ ಬರುತ್ತದೆ. ಬುಡದಲ್ಲಿ ಅಣಬೆ ಎದ್ದಿದೆಯೇ, ಬೇರಿನ ಪಕ್ಕ ನೆಲ ಬಿರಿದಿದೆಯೇ ನೋಡು. ಕೊಡಲಿಯ ಹಿಂಬದಿಯಿಂದ ಸುತ್ತ ತಟ್ಟು. ಗಟ್ಟಿ ಮರ 'ಠಣ್' ಅನ್ನುತ್ತದೆ, ಪೊಳ್ಳು ಮರ ಡೊಳ್ಳಿನಂತೆ ಬೊಬ್ಬಿಡುತ್ತದೆ. ಪೊಟರೆಯಿದ್ದರೆ ಕೈ ಹಾಕುವ ಮೊದಲು ಕೋಲು ಹಾಕು, ಹಾವಿರುತ್ತದೆ, ಗೂಬೆಯ ಮರಿಯಿರುತ್ತದೆ. ಹೆಜ್ಜೇನಿದ್ದರೆ ಆ ದಿನ ಕೆಲಸವೇ ಬೇಡ. ಬೆಳಗ್ಗೆ ಗಾಳಿ ನಿಂತಿರುವಾಗ ಕೆಲಸ ಶುರು ಮಾಡು. ಆಷಾಢದ ಗಾಳಿಯಲ್ಲಿ ನಮ್ಮ ಬಯಲಿನಲ್ಲಿ ಯಾವ ಮರಕ್ಕೂ ಕೈ ಹಾಕಬೇಡ, ಎಷ್ಟೇ ಕೂಲಿ ಕೊಡುತ್ತೇನೆಂದರೂ ಬೇಡ.

ಇನ್ನೊಂದು. ರಸ್ತೆ ಬದಿಯ, ಬೇಲಿ ಸಾಲಿನ, ಜಾತ್ರೆ ಮಾಳದ ಮರಗಳ ಒಳಗೆ ಕಬ್ಬಿಣ ಇರುತ್ತದೆ. ಯಾರೋ ಮೂವತ್ತು ವರ್ಷದ ಹಿಂದೆ ಹೊಡೆದ ಮೊಳೆ, ಮುಳ್ಳುತಂತಿಯ ತುಂಡು, ಬೋರ್ಡು ಕಟ್ಟಿದ ಬೋಲ್ಟು. ಮರ ಅದನ್ನು ನುಂಗಿ ಮೇಲೆ ತೊಗಟೆ ಹೊದ್ದುಕೊಂಡಿರುತ್ತದೆ. ಕೊಯ್ಯುವಾಗ ಹೊಟ್ಟಿನ ಬಣ್ಣ ನೋಡುತ್ತಿರು. ಹುಣಸೆ, ಜಾಲಿಯಂಥ ಒಗರು ಮರದಲ್ಲಿ ಕಬ್ಬಿಣ ಹತ್ತಿರ ಬಂದಾಗ ಮರ ಮಸಿಯಂತೆ ನೀಲಿಗಪ್ಪಾಗಿರುತ್ತದೆ. ಒಗರು ಕಬ್ಬಿಣಕ್ಕೆ ತಾಗಿದರೆ ಹಾಗಾಗುತ್ತದೆ. ಆ ಬಣ್ಣ ಕಂಡ ಕ್ಷಣ ಮಷೀನು ಆಚೆ ತೆಗೆ. ಚೈನು ಸೆಕೆಂಡಿಗೆ ಸುಮಾರು 20 ಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಆ ವೇಗದಲ್ಲಿ ಮೊಳೆಗೆ ಬಡಿದು ತುಂಡಾದ ಚೈನು ಯಾವ ಕಡೆ ಹಾರುತ್ತದೆಂದು ಯಾರೂ ಹೇಳಲಾರರು.

ಈಗ ಉರುಳಿಸುವ ವಿಷಯ. ಎರಡಡಿ ದಪ್ಪದ ಮರ ಅಂದುಕೋ. ಬೀಳಬೇಕಾದ ಕಡೆಯಲ್ಲಿ ಮೊದಲು ಬಾಯಿ ತೆಗೆಯಬೇಕು. ಮೇಲಿನಿಂದ ಓರೆಯಾಗಿ ಒಂದು ಕೊಯ್ತ, ಕೆಳಗೆ ಮಟ್ಟವಾಗಿ ಇನ್ನೊಂದು. ಕಲ್ಲಂಗಡಿ ಹೋಳು ತೆಗೆದಂತೆ ತುಂಡು ಆಚೆ ಬರಬೇಕು. ಆಳ ಕಾಲು ಭಾಗ ಸಾಕು, ಅಂದರೆ ಆರಿಂಚು. ಎರಡು ಕೊಯ್ತವೂ ಒಂದೇ ಗೆರೆಯಲ್ಲಿ ಸೇರಬೇಕು, ಒಂದು ಇನ್ನೊಂದನ್ನು ದಾಟಿ ಒಳಗೆ ಹೋಗಬಾರದು. ಆ ಗೆರೆಗೆ ಎದುರು ನೆಟ್ಟಗೆ ಯಾವುದಿದೆಯೋ ಮರ ಬೀಳುವುದು ಅಲ್ಲಿಗೇ. ಆದ್ದರಿಂದ ಬಾಯಿ ತೆಗೆದ ಮೇಲೆ ಒಮ್ಮೆ ಎದ್ದು ನಿಂತು ಅದು ಎಲ್ಲಿಗೆ ನೋಡುತ್ತಿದೆ ಎಂದು ನೋಡು. ಸರಿಯಿಲ್ಲದಿದ್ದರೆ ಈಗಲೇ ತಿದ್ದಬೇಕು.

ಆಮೇಲೆ ಹಿಂದಕ್ಕೆ ಬಾ. ಬಾಯಿಯ ತಳಕ್ಕಿಂತ ಎರಡಿಂಚು ಮೇಲೆ, ಮಟ್ಟವಾಗಿ, ಮುಂದಕ್ಕೆ ಕೊಯ್ಯುತ್ತ ಹೋಗು. ಮಷೀನಿನ ಪಟ್ಟಿ ಪೂರ್ತಿ ಒಳಗೆ ಹೋದೊಡನೆ ಹಿಂದಿನಿಂದ ಬೆಣೆ ಹೊಡೆ. ಬೆಣೆ ಪ್ಲಾಸ್ಟಿಕ್ಕಿನದಾದರೂ ಸರಿ, ಜಾಲಿ ಮರದ್ದಾದರೂ ಸರಿ, ಕಬ್ಬಿಣದ್ದು ಬೇಡ. ಬಾಯಿಯ ಗೆರೆಗೆ ಇನ್ನು ಮೂರು ಬೆರಳಗಲ ಇದೆ ಅನ್ನುವಾಗ ನಿಲ್ಲಿಸು. ಅಲ್ಲಿಂದ ಮುಂದಕ್ಕೆ ಕೊಯ್ಯಬಾರದು. ಆ ಮೂರು ಬೆರಳಗಲದ ಪಟ್ಟಿಯೇ ಬಾಗಿಲಿನ ಕೀಲಿದ್ದ ಹಾಗೆ. ಮರ ಅದನ್ನು ಹಿಡಿದುಕೊಂಡೇ ಬಾಗುತ್ತದೆ, ಅದು ಹೇಳಿದ ಕಡೆಗೇ ಹೋಗುತ್ತದೆ, ನೆಲ ಮುಟ್ಟುವ ಹೊತ್ತಿಗೆ ಅದು ತಾನಾಗಿ ಮುರಿಯುತ್ತದೆ. ಮರದ ದಪ್ಪದ ಹತ್ತನೇ ಒಂದು ಭಾಗ ಎಂದು ಲೆಕ್ಕ ಇಟ್ಟುಕೋ. ಹೊಸಬರು ಮಾಡುವ ತಪ್ಪು ಇಲ್ಲೇ. ಮರ ಇನ್ನೂ ಬೀಳಲಿಲ್ಲವಲ್ಲ ಎಂದು ಆ ಪಟ್ಟಿಯನ್ನೂ ಕೊಯ್ದುಬಿಡುತ್ತಾರೆ. ಕೊಯ್ದ ಮೇಲೆ ಮರಕ್ಕೂ ಬುಡಕ್ಕೂ ಸಂಬಂಧ ಮುಗಿಯಿತು. ಅದು ಎಡಕ್ಕೆ ಹೊರಳಬಹುದು, ಬಲಕ್ಕೆ ಹೊರಳಬಹುದು, ಬುಡದಿಂದ ಜಾರಿ ನಿನ್ನ ಕಾಲ ಮೇಲೇ ಕೂರಬಹುದು. ಮರ ಬೀಳದಿದ್ದರೆ ಬೆಣೆ ಹೊಡೆ, ಹಗ್ಗ ಎಳೆಸು. ಪಟ್ಟಿ ಮುಟ್ಟಬೇಡ.

ಕೆಲಸ ಶುರು ಮಾಡುವ ಮೊದಲೇ ಓಡುವ ದಾರಿ ಸವರಿಕೊಂಡಿರಬೇಕು. ಬೀಳುವ ದಿಕ್ಕಿಗೆ ಬೆನ್ನು ಮಾಡಿ, ಓರೆಯಾಗಿ ಹಿಂದಕ್ಕೆ ಎರಡು ದಾರಿ, ಎಡಕ್ಕೊಂದು ಬಲಕ್ಕೊಂದು. ನೇರ ಹಿಂದೆ ನಿಲ್ಲಬಾರದು, ಬುಡ ಹಿಂದಕ್ಕೆ ಚಿಮ್ಮುವುದುಂಟು. ಮರ ಅಲುಗಿದೊಡನೆ ಮಷೀನಿನ ಬ್ರೇಕು ಹಾಕಿ ನಡೆ, ಹತ್ತು ಹೆಜ್ಜೆ ಹೋಗಿ ಮೇಲೆ ನೋಡು. ಮೊಬೈಲಿನಲ್ಲಿ ವಿಡಿಯೋ ತೆಗೆಯಲು ಬರುವ ಹುಡುಗರನ್ನು ಮರದ ಎತ್ತರದ ಎರಡರಷ್ಟು ದೂರ ಕಳಿಸು. ಬೈದಾದರೂ ಸರಿ.

ನನ್ನ ಹೆಗಲ ಮೇಲಿನ ಗಾಯದ ಗೆರೆ ನೀನು ನೋಡಿದ್ದೀಯ, ಕೇಳಿದರೆ ನಾನು ಯಾವತ್ತೂ ಸರಿಯಾಗಿ ಹೇಳಿಲ್ಲ. ಒಂದು ನೀಲಗಿರಿ ತೋಪು ಗುತ್ತಿಗೆಗೆ ಹಿಡಿದಿದ್ದೆವು. ಸಾಲಿನ ಕೊನೆಯ ಮರ ಮುಂದಕ್ಕೆ ಬಹಳ ವಾಲಿತ್ತು. ವಾಲಿದ ಕಡೆಗೇ ಬೀಳಿಸುವುದಲ್ಲವೇ, ಸುಲಭ ಎಂದುಕೊಂಡೆ. ಸಣ್ಣ ಬಾಯಿ ತೆಗೆದು ಹಿಂದಿನಿಂದ ಕೊಯ್ಯತೊಡಗಿದೆ. ಅರ್ಧಕ್ಕೆ ಬಂದಿರಲಿಲ್ಲ, ಪಟಾರ್ ಎಂದು ಮರ ಉದ್ದಕ್ಕೆ ಸೀಳಿ, ಹಿಂದಿನ ಅರ್ಧ ನನ್ನ ಮುಖದ ಎದುರೇ ಆಳೆತ್ತರಕ್ಕೆ ಎದ್ದು ನಿಂತಿತು. ಇಂಗ್ಲಿಷರು ಇದಕ್ಕೆ ಕ್ಷೌರಿಕನ ಕುರ್ಚಿ ಎಂದು ಹೆಸರಿಟ್ಟಿದ್ದಾರಂತೆ. ಸೀಳಿನ ಬುಡದಿಂದ ಎದ್ದ ಸಿಬಿರು ಹೆಗಲಿಗೆ ಹೊಡೆಯಿತು. ಒಂದು ಗೇಣು ಈಚೆ ಬಂದಿದ್ದರೆ ಈ ಕಾಗದ ಬರೆಯಲು ನಾನಿರುತ್ತಿರಲಿಲ್ಲ. ವಾಲಿದ ಮರದ ಬೆನ್ನಿನ ಎಳೆಗಳು ಬಿಲ್ಲಿನ ಹೆದೆಯಂತೆ ಬಿಗಿದಿರುತ್ತವೆ, ಅರ್ಧ ಕೊಯ್ದರೆ ಉಳಿದರ್ಧ ತಾಳಲಾರದೆ ಸೀಳುತ್ತದೆ. ಅಂಥ ಮರಕ್ಕೆ ಬೇರೆ ಕ್ರಮವಿದೆ. ಬಾಯಿ ತೆಗೆದು, ಕೀಲಿನ ಪಟ್ಟಿಯ ಹಿಂದೆ ಮಷೀನಿನ ಮೂತಿಯನ್ನು ಕಾಂಡದ ಪಕ್ಕದಿಂದ ತೂರಿಸಿ, ನಡುವನ್ನು ಹಿಂದಕ್ಕೆ ಕೊಯ್ಯುತ್ತ ಬರಬೇಕು. ಬೆನ್ನಿನಲ್ಲಿ ಒಂದು ಹಿಡಿಯಷ್ಟು ಬಿಟ್ಟಿರಬೇಕು. ಮುಂದೆ ಕೀಲು, ಹಿಂದೆ ಹಿಡಿ, ಮರ ಅಲುಗದೆ ನಿಂತಿರುತ್ತದೆ. ಆಗ ಸುತ್ತ ನೋಡಿ, ಕೂಗು ಹಾಕಿ, ಪಕ್ಕಕ್ಕೆ ನಿಂತು ಆ ಹಿಂದಿನ ಹಿಡಿಯನ್ನು ಕೊಯ್ದರೆ ಮರ ಒಂದೇ ಏಟಿಗೆ ಹೋಗುತ್ತದೆ. ಇದನ್ನು ನಾನು ಪಕ್ಕದಲ್ಲಿ ನಿಲ್ಲದೆ ನೀನು ಮಾಡಕೂಡದು. ತೂರಿಸುವಾಗ ಮೂತಿಯ ಕೆಳಭಾಗದಿಂದ ಶುರು ಮಾಡಬೇಕು. ಮೇಲ್ಭಾಗ ತಾಗಿದರೆ ಮಷೀನು ಚಂಗನೆ ಹಿಂದಕ್ಕೆ, ನಿನ್ನ ಮುಖಕ್ಕೇ ಹಾರುತ್ತದೆ. ಎಡಗೈ ಹೆಬ್ಬೆರಳು ಮುಂದಿನ ಹಿಡಿಯ ಕೆಳಗೆ ಸುತ್ತಿಕೊಂಡಿರಬೇಕು ಎನ್ನುವುದು ಅದಕ್ಕೇ.

ನಮ್ಮ ಕಡೆ ನಿನಗೆ ಹೆಚ್ಚು ಸಿಗುವ ಕೆಲಸ ತೆಂಗಿನದು. 2016-17ರ ಬರ ನಿನಗೆ ನೆನಪಿರಬಹುದು, ಆಗ ನೀನು ಸ್ಕೂಲಿಗೆ ಹೋಗುತ್ತಿದ್ದೆ. ಬೋರು ಬತ್ತಿ, ಕಡೂರು, ಅರಸೀಕೆರೆ, ತಿಪಟೂರು ಕಡೆಯೆಲ್ಲ ತೆಂಗಿನ ತೋಟಗಳು ನಿಂತಲ್ಲೇ ಒಣಗಿದವು. ಮೊದಲು ಕೆಳಗಿನ ಗರಿ ಜೋತುಬಿದ್ದವು, ಆಮೇಲೆ ಸುಳಿ ಬಿತ್ತು, ಕೊನೆಗೆ ತಲೆಯಿಲ್ಲದ ಕಂಬಗಳು ಉಳಿದವು. ಅಜ್ಜ ನೆಟ್ಟ ಮರ ಉರುಳಿಸಲು ಕರೆದವರು ನಮ್ಮ ಕೈಗೆ ಕೂಲಿ ಕೊಡುವಾಗ ಮುಖ ಆಚೆ ತಿರುಗಿಸುತ್ತಿದ್ದರು. ಅಂಥ ತೋಟಕ್ಕೆ ಹೋದಾಗ ಜೋರಾಗಿ ಮಾತಾಡಬೇಡ, ಹಾಡು ಹಾಕಬೇಡ.

ತೆಂಗನ್ನು ಬೇವು, ಹುಣಸೆಯ ಹಾಗೆ ಕೊಯ್ಯಲಾಗುವುದಿಲ್ಲ. ಅದಕ್ಕೆ ಹೊರಗಿನ ಸುತ್ತು ಕಲ್ಲಿನಂತೆ ಗಟ್ಟಿ, ನಡು ಬೆಂಡು. ಕಲಿತವರು ತೂಕ ಹಾಕಿ ಹೇಳುತ್ತಾರೆ, ಹೊರಸುತ್ತು ಘನ ಮೀಟರಿಗೆ 600 ಕಿಲೋ ದಾಟಿದರೆ ಒಳಗಿನ ತಿರುಳು 400 ಕೂಡ ಇರುವುದಿಲ್ಲವಂತೆ. ಆದ್ದರಿಂದ ನಡುವಿನ ಕೀಲನ್ನು ನಂಬಬೇಡ, ಎರಡು ಅಂಚಿನ ಗಟ್ಟಿ ಭಾಗ ಕೀಲಿನಲ್ಲಿ ಸಮವಾಗಿ ಉಳಿದಿದೆಯೇ ನೋಡಿಕೋ. ಒಂದು ಅಂಚು ಹೆಚ್ಚು ಕೊಯ್ದುಹೋದರೆ ಮರ ಇನ್ನೊಂದು ಅಂಚಿಗೆ ಸೆಳೆದು ತಿರುಗಿಬಿಡುತ್ತದೆ. ಹಗ್ಗ ಕಟ್ಟದೆ ತೆಂಗು ಉರುಳಿಸಲೇಬೇಡ. ಸತ್ತ ತೆಂಗನ್ನು ಹತ್ತಲೂಬೇಡ. ಹೊರಗೆ ಗಟ್ಟಿ ಕಂಡರೂ ಹುಳು ತಿಂದ ಜಾಗ ಎಲ್ಲಿದೆಯೋ ಹೇಳಲಾಗದು. ಬುಡದ ಗಟ್ಟಿ ಭಾಗಕ್ಕೆ ಏಣಿ ಒರಗಿಸಿ ಕೈಗೆಟುಕುವಷ್ಟು ಎತ್ತರದಲ್ಲಿ ಹಗ್ಗ ಬಿಗಿ. ಎಳೆಯುವವರು ಮರದ ಉದ್ದಕ್ಕಿಂತ ದೂರ ನಿಂತಿರಲಿ. ಒಬ್ಬನಿಗೆ ತಲೆಯನ್ನು ನೋಡುವುದೊಂದೇ ಕೆಲಸ ಕೊಡು. ನೀನು ಬುಡ ನೋಡುತ್ತಿರುವಾಗ ಮೇಲಿನಿಂದ ಒಣ ಮಟ್ಟೆಯೋ ಕೊಳೆತ ಸುಳಿಯೋ ಬರುವುದು ಅವನಿಗೆ ಮಾತ್ರ ಕಾಣುತ್ತದೆ.

ಉರುಳಿಸಿದ ಮೇಲೂ ಕೆಲಸ ಮುಗಿಯಲಿಲ್ಲ. ಕೊಳೆಯುವ ತೆಂಗಿನ ದಿಮ್ಮಿಯಲ್ಲಿ, ತಿಪ್ಪೆಯಲ್ಲಿ ಕೊಂಬಿನ ದುಂಬಿ ಮೊಟ್ಟೆಯಿಡುತ್ತದೆ. ಅದು ಬದುಕಿರುವ ಮರದ ಸುಳಿ ಕೊರೆಯುತ್ತದೆ, ಆ ಗಾಯದ ವಾಸನೆಗೆ ಕೆಂಪು ಮೂತಿ ಹುಳು ಬಂದು ಒಳಗೆ ಸೇರುತ್ತದೆ. ಅದು ಸೇರಿದ ಮರ ಉಳಿಯುವುದು ಕಷ್ಟ. ತೊಲೆಗೆ ಬರುವ ಕಾಂಡವನ್ನು ಬೇಗ ಸಾಗಿಸಲು ಹೇಳು, ತಲೆಯ ಭಾಗ ಸುಡಿಸು. ಬದುಕಿರುವ ತೆಂಗಿಗೆ ಹತ್ತಲು ಅನುಕೂಲ ಎಂದು ಮೆಟ್ಟಿಲು ಕೊಚ್ಚುವವರಿದ್ದಾರೆ, ಅದೂ ಹುಳುವಿಗೆ ಬಾಗಿಲು ತೆಗೆದ ಹಾಗೆಯೇ. ತೆಂಗು ತನ್ನ ಗಾಯವನ್ನು ಎಂದೂ ಮುಚ್ಚಿಕೊಳ್ಳುವುದಿಲ್ಲ. ಬೇವಿಗೆ ತೊಗಟೆ ಸುತ್ತಿ ಬರುತ್ತದೆ, ತೆಂಗಿಗೆ ಬರುವುದಿಲ್ಲ. ಕೊಚ್ಚಿದ್ದು ಸಾಯುವವರೆಗೂ ಹಾಗೇ ಇರುತ್ತದೆ. ಹತ್ತಬೇಕೆಂದರೆ ಕಾಲಿಗೆ ಸಿಕ್ಕಿಸಿ ಹತ್ತುವ ಯಂತ್ರ ಇದೆ. ತೆಂಗು ಅಭಿವೃದ್ಧಿ ಮಂಡಳಿಯವರು 2011ರಿಂದ ಅದನ್ನು ಹುಡುಗರಿಗೆ ಕಲಿಸುತ್ತಿದ್ದಾರೆ, ಹತ್ತುವವರಿಗೆ ಕೇರ ಸುರಕ್ಷಾ ಎನ್ನುವ ವಿಮೆಯೂ ಇದೆ. ಬೆಂಗಳೂರಿನಲ್ಲಿ ಅವರ ಕಚೇರಿಯಿದೆ, ಫೋನು ಮಾಡಿ ವಿಚಾರಿಸು. ವಿಮೆ ಇಲ್ಲದೆ ಮೂವತ್ತು ವರ್ಷ ಮರ ಹತ್ತಿದ ಧೈರ್ಯವನ್ನು ಈಗ ನೆನೆದರೆ ನಿಮ್ಮ ದೊಡ್ಡಮ್ಮನ ಮುಖ ನೋಡಲಾಗುವುದಿಲ್ಲ.

ವಿದ್ಯುತ್ತಿನ ಮಾತು. ಇದನ್ನು ಬರೆಯಲು ಎರಡು ಸಲ ಪೆನ್ನು ಕೆಳಗಿಟ್ಟೆ.

ಚಿಕ್ಕಮಗಳೂರು ಒಂದೇ ಜಿಲ್ಲೆಯಾದರೂ ನಮ್ಮದು ಬಯಲು, ಮೇಲಿನದು ಕಾಫಿ ಸೀಮೆ. ಇಲ್ಲಿ ಕೆಲಸವಿಲ್ಲದಾಗ ನಾವು ಗುಂಪು ಕಟ್ಟಿಕೊಂಡು ಮೇಲೆ ಮರಗಸಿಗೆ ಹೋಗುತ್ತಿದ್ದೆವು. ಮುಂಗಾರಿಗೆ ಮುಂಚೆ ಕಾಫಿ ಗಿಡಕ್ಕೆ ಬೆಳಕು ಬೀಳಲೆಂದು ನೆರಳು ಮರದ ಕೊಂಬೆ ಸವರುವ ಕೆಲಸ. ಸಿಲ್ವರ್ ಓಕ್ ಮರಗಳು ಕಂಬದಂತೆ ನೆಟ್ಟಗೆ, ಕೊಂಬೆ ಬಲು ಪೆಡಸು, ಮೆಟ್ಟಿದರೆ ಮುರಿಯುತ್ತವೆ. ಆಗೆಲ್ಲ ಬಿದಿರಿನ ಒಂಟಿ ಏಣಿ ಹೊರುತ್ತಿದ್ದೆವು. ಆಮೇಲೆ ಅಲ್ಯೂಮಿನಿಯಂ ಏಣಿ ಬಂತು, ಹಗುರ ಎಂದು ಎಲ್ಲರೂ ಅದನ್ನೇ ಹಿಡಿದರು. ಒಂದು ತೋಟದಲ್ಲಿ ನನ್ನ ಜೊತೆಯವನು, ನನ್ನ ವಯಸ್ಸಿನವನೇ, ಒಂದು ಮರ ಮುಗಿಸಿ ಏಣಿಯನ್ನು ನಿಲ್ಲಿಸಿಕೊಂಡೇ ಪಕ್ಕದ ಮರಕ್ಕೆ ನಡೆದ. ಮಲಗಿಸಿಕೊಂಡು ಹೋಗಿದ್ದರೆ ನಾಲ್ಕು ನಿಮಿಷ ಹೆಚ್ಚು ಹಿಡಿಯುತ್ತಿತ್ತು. ತೋಟದ ನಡುವೆ ಹಾದುಹೋದ ತಂತಿ ಎಲೆಗಳ ಮರೆಯಲ್ಲಿ ಕಾಣುತ್ತಿರಲಿಲ್ಲ. ಏಣಿಯ ತುದಿ ತಾಗಿತು. ಒಂದು ಕೂಗೂ ಬರಲಿಲ್ಲ. ನಾವು ಓಡಿಹೋಗುವ ಹೊತ್ತಿಗೆ ಎಲ್ಲ ಮುಗಿದಿತ್ತು. ಹಾಗೆ ಸತ್ತವರ ಸುದ್ದಿ ಕೊಡಗಿನಿಂದ, ಮೂಡಿಗೆರೆಯಿಂದ ಈಗಲೂ ಪತ್ರಿಕೆಯಲ್ಲಿ ಬರುತ್ತಲೇ ಇರುತ್ತದೆ. ಮೆಣಸು ಕೊಯ್ಯುವಾಗ, ಮರಗಸಿಯಲ್ಲಿ, ಅದೇ ಏಣಿ, ಅದೇ ತಂತಿ. ಓದಿದಾಗಲೆಲ್ಲ ಅವನ ಕಾಲಿನ ಬಳಿ ಬಿದ್ದಿದ್ದ ಮಚ್ಚು ನನ್ನ ಕಣ್ಣಿಗೆ ಬರುತ್ತದೆ.

ತಂತಿ ಹತ್ತಿರವಿದ್ದರೆ ಲೈನ್‌ಮನ್ ಬಂದು ಎಲ್‌ಸಿ, ಅಂದರೆ ಲೈನ್ ಕ್ಲಿಯರ್, ಕೊಡದೆ ಮರ ಮುಟ್ಟಬೇಡ. "ಈಗ ಕರೆಂಟು ಹೋಗಿದೆ, ಬೇಗ ಮುಗಿಸು" ಎಂದು ಮನೆಯವರು ಹೇಳಿದರೆ ಅದು ಎಲ್‌ಸಿ ಆಗುವುದಿಲ್ಲ. ಹೋದ ಕರೆಂಟು ಯಾವ ಗಳಿಗೆಯಲ್ಲಾದರೂ ಬರುತ್ತದೆ, ಪಕ್ಕದ ಮನೆಯ ಜನರೇಟರಿನಿಂದ ತಂತಿಗೆ ಹಿಂದಿನಿಂದಲೂ ಹರಿದುಬರಬಹುದು. ಮೆಸ್ಕಾಂ ಕಚೇರಿಗೆ ಒಂದು ದಿನ ಮೊದಲೇ ಅರ್ಜಿ ಕೊಡು, ಅವರು ಬಂದು ಲೈನು ಬಿಡಿಸಿ, ನೆಲಕ್ಕೆ ಅರ್ಥಿಂಗ್ ಕೊಟ್ಟ ಮೇಲೆ ಹತ್ತು. ಬಿದಿರು ಏಣಿಯೂ ಒದ್ದೆಯಾದರೆ ಕರೆಂಟು ಹರಿಸುತ್ತದೆ, ಹಸಿ ಕೊಂಬೆಯೂ ಹರಿಸುತ್ತದೆ.

ಮರದ ಮೇಲೆ ಮಷೀನು ಹಿಡಿಯುವುದನ್ನು ನೀನು ಇನ್ನೂ ಎರಡು ವರ್ಷ ಕಲಿಯುವುದು ಬೇಡ. ಮೇಲೆ ಕೈಗರಗಸ ಸಾಕು, ಚಿಕ್ಕ ಕೊಂಬೆಗೆ ಮಚ್ಚು ಸಾಕು. ಸೊಂಟಕ್ಕೆ ಪಟ್ಟಿ, ಪಟ್ಟಿಗೆ ಎರಡು ಹಗ್ಗ, ಒಂದು ಬಿಚ್ಚುವ ಮೊದಲು ಇನ್ನೊಂದು ಕಟ್ಟಿರಬೇಕು. ಗಟ್ಟಿ ಕೊಂಬೆಗೆ ಕಟ್ಟು, ನೀನು ಕೊಯ್ಯುತ್ತಿರುವ ಕೊಂಬೆಗೆ ಕಟ್ಟಬೇಡ. ಇದೂ ಹೇಳಬೇಕೇ ಎನ್ನಬಹುದು, ದಣಿದಾಗ ಮನುಷ್ಯ ಅದನ್ನೂ ಮಾಡುತ್ತಾನೆ.

ಮಷೀನಿನ ಆರೈಕೆ ಬೇಗ ಹೇಳುತ್ತೇನೆ, ಇದು ನಿನಗೆ ಬೇಗ ಬರುತ್ತದೆ. ಪೆಟ್ರೋಲಿಗೆ ಟೂಟಿ ಆಯಿಲ್ ಪುಸ್ತಕದಲ್ಲಿ ಬರೆದಷ್ಟೇ. ಒಂದಕ್ಕೆ ಐವತ್ತು ಎಂದಿದ್ದರೆ ಲೀಟರಿಗೆ 20 ಮಿಲಿ. ಚೈನಿನ ಎಣ್ಣೆಯ ಡಬ್ಬಿ ಬೇರೆ, ಪೆಟ್ರೋಲು ತುಂಬಿದಾಗಲೆಲ್ಲ ಅದನ್ನೂ ತುಂಬು. ಬಿಸಿ ಮಷೀನಿಗೆ ಪೆಟ್ರೋಲು ಹಾಕಬೇಡ, ಹಾಕಿದ ಜಾಗದಿಂದ ಹತ್ತಡಿ ಆಚೆ ಹೋಗಿ ಚಾಲು ಮಾಡು, ಬೀಡಿ ಸೇದುವವನನ್ನು ಅಲ್ಲಿಗೆ ಸೇರಿಸಬೇಡ. ಕೈಯಲ್ಲಿ ತೂಗಿಕೊಂಡು ಹಗ್ಗ ಎಳೆಯುವುದು ಸಿನಿಮಾದವರಿಗೆ ಬಿಡು. ನೆಲದ ಮೇಲಿಟ್ಟು, ಹಿಡಿಯೊಳಗೆ ಕಾಲಿನ ತುದಿ ಇಟ್ಟು ಎಳೆ. ಸಾಣೆಯ ವಿಷಯದಲ್ಲಿ ಮಾತ್ರ ಸೋಮಾರಿತನ ಬೇಡ. ದುಂಡನೆಯ ಅರ ತೆಗೆದುಕೊಂಡು ಪ್ರತಿ ಹಲ್ಲಿಗೂ ಒಂದೇ ಓರೆಯಲ್ಲಿ, ಸುಮಾರು 30 ಡಿಗ್ರಿ, ಒಂದೇ ಲೆಕ್ಕದಲ್ಲಿ ಮುಂದಕ್ಕೆ ಉಜ್ಜು. ಎಡಗಡೆ ಹಲ್ಲಿಗೆ ಮೂರು ಸಲವಾದರೆ ಬಲಗಡೆಗೂ ಮೂರೇ. ಚೆನ್ನಾಗಿ ಸಾಣೆ ಹಿಡಿದ ಚೈನು ಅಕ್ಕಿನುಚ್ಚಿನಂಥ ಚೂರು ಉಗುಳುತ್ತದೆ, ಮೊಂಡಾದದ್ದು ಹಿಟ್ಟು ಉಗುಳುತ್ತದೆ. ಹಿಟ್ಟು ಬರತೊಡಗಿದರೆ ನೀನು ಮಷೀನನ್ನು ಒತ್ತಿ ಹಿಡಿಯುತ್ತೀಯ, ಒತ್ತಿ ಹಿಡಿದಾಗಲೇ ಕೈ ಜಾರುವುದು.

ಇನ್ನು ಕೊಂಬೆ ಕೊಯ್ಯುವುದು. ನಿಜವಾಗಿ ಮರದ ಕೆಲಸ ಕಲಿತವನೋ ಅಲ್ಲವೋ ಎಂದು ನಾನು ಇಲ್ಲೇ ಅಳೆಯುತ್ತೇನೆ. ದೊಡ್ಡ ಕೊಂಬೆಯನ್ನು ಒಂದೇ ಸಲ ಮೇಲಿನಿಂದ ಕೊಯ್ದರೆ ಅದು ಬೀಳುವಾಗ ಕಾಂಡದ ತೊಗಟೆಯನ್ನು ಮಾರುದ್ದ ಸುಲಿದುಕೊಂಡು ಹೋಗುತ್ತದೆ. ಮೊದಲು ಕಾಂಡದಿಂದ ಒಂದಡಿ ಆಚೆ ಕೆಳಗಿನಿಂದ ಸ್ವಲ್ಪ ಕೊಯ್ಯಿ, ಅದಕ್ಕಿಂತ ತುಸು ಆಚೆ ಮೇಲಿನಿಂದ ಕೊಯ್ದು ಭಾರ ಇಳಿಸು. ಉಳಿದ ಮೋಟನ್ನು ಕೊನೆಗೆ ತೆಗೆ. ತೆಗೆಯುವಾಗ ಕೊಂಬೆ ಕಾಂಡಕ್ಕೆ ಸೇರುವ ಜಾಗ ನೋಡು. ಅಲ್ಲೊಂದು ಬಳೆಯಂಥ ಉಬ್ಬು ಇರುತ್ತದೆ. ಕೊಯ್ತ ಆ ಉಬ್ಬಿನ ಹೊರಗೆ ಬೀಳಬೇಕು. ಕಾಂಡಕ್ಕೆ ಸಮನಾಗಿ ನುಣ್ಣಗೆ ಕೊಯ್ದರೆ ನೋಡಲು ಚೆಂದ, ಆದರೆ ಉಬ್ಬು ಹೋಯಿತೆಂದರೆ ಗಾಯ ಮುಚ್ಚುವ ಶಕ್ತಿಯೂ ಹೋಯಿತು. ಉದ್ದ ಮೋಟು ಬಿಟ್ಟರೂ ತಪ್ಪು, ಅದು ಕೊಳೆತು ಒಳಕ್ಕೆ ದಾರಿ ಮಾಡುತ್ತದೆ.

ಇದನ್ನು ನನಗೆ ಹೇಳಿದ್ದು ಕಾಫಿ ತೋಟದ ಒಬ್ಬ ಓದಿದ ಹುಡುಗ. ಅಮೆರಿಕದ ಅರಣ್ಯ ಇಲಾಖೆಯಲ್ಲಿ ಅಲೆಕ್ಸ್ ಶೈಗೋ ಎಂಬ ವಿಜ್ಞಾನಿ ಇದ್ದರಂತೆ, 2006ರಲ್ಲಿ ತೀರಿಕೊಂಡರು. ಅವರು ನಮ್ಮ ಈ ಮಷೀನನ್ನೇ ಹಿಡಿದು ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ಒಳಗೆ ಕೊಳೆತ ಹೇಗೆ ಹರಿಯುತ್ತದೆ ಎಂದು ನೋಡಿದರು. ಮನುಷ್ಯನ ಗಾಯ ಮಾಯುತ್ತದೆ, ಮರದ ಗಾಯ ಮಾಯುವುದಿಲ್ಲ, ಮರ ಅದರ ಸುತ್ತ ಗೋಡೆ ಕಟ್ಟಿ ಒಳಗೇ ಮುಚ್ಚಿಡುತ್ತದೆ ಎಂದು ತೋರಿಸಿದರು. ನಾವು ಕೊಯ್ದ ಜಾಗಕ್ಕೆ ಡಾಂಬರು, ಬಣ್ಣ ಬಳಿಯುತ್ತಿದ್ದುದೂ ಕೊಳೆತವನ್ನು ತಡೆಯುವುದಿಲ್ಲವಂತೆ. ಅದನ್ನು ಕೇಳಿದ ದಿನ ನಾನು ಹಿಂದೆ ನುಣ್ಣಗೆ ಕೊಯ್ದ ಹುಣಸೆ, ಮಾವುಗಳ ಹತ್ತಿರ ಹೋಗಿ ನೋಡಿದೆ. ಎಷ್ಟೋ ಕಡೆ ಗಾಯದ ಜಾಗದಲ್ಲಿ ಕೈ ತೂರುವಷ್ಟು ಪೊಟರೆ ಬಿದ್ದಿತ್ತು. ಮಾಡಿದವನು ನಾನೇ.

ಕಾನೂನೂ ತಿಳಿದಿರಲಿ. ಕರ್ನಾಟಕದಲ್ಲಿ 1976ರ ಮರ ಸಂರಕ್ಷಣೆ ಕಾಯ್ದೆ ಇದೆ. ತೆಂಗು, ನೀಲಗಿರಿ, ಸರ್ವೆ, ಸಿಲ್ವರ್ ಓಕ್, ಸುಬಾಬುಲ್ ಇವಕ್ಕೆ ಅನುಮತಿ ಬೇಡ. ಉಳಿದ ಮರ ಸ್ವಂತ ಹಿತ್ತಿಲಿನದಾದರೂ ಮೊದಲು ಅರಣ್ಯ ಇಲಾಖೆಯ ಕಚೇರಿಯಲ್ಲಿ ಕೇಳಬೇಕು. ಮಾಲೀಕರು "ನಾವು ನೋಡಿಕೊಳ್ಳುತ್ತೇವೆ" ಎಂದರೆ ಕಾಗದ ತೋರಿಸಲು ಹೇಳು. ಅಮೃತ ಮಹಲ್ ಕಾವಲಿನ ಒಂದು ಜಾಲಿ ಕೊಂಬೆಗೂ ಕೈ ಹಾಕಬೇಡ. ಶ್ರೀಗಂಧವೆಂದರೆ ಅದರ ನೆರಳಿನಲ್ಲಿ ಮಷೀನು ಇಟ್ಟುಕೊಂಡು ನಿಲ್ಲಲೂ ಬೇಡ.

ಈಗ ನಿನ್ನ ಬೇವಿನ ಮರ. ಇವತ್ತು ಬೆಳಗ್ಗೆ ಆರಕ್ಕೇ ಎದ್ದು ಕೋಲು ಹಿಡಿದು ಅಲ್ಲಿಗೆ ಹೋಗಿ ಬಂದೆ, ನಿನಗೆ ಹೇಳದೆ. ಸುತ್ತ ಮೂರು ಸಲ ಬಂದೆ, ತಟ್ಟಿ ನೋಡಿದೆ. ಬುಡ ಠಣ್ ಅನ್ನುತ್ತದೆ. ಬೇರಿನ ಸುತ್ತ ನೆಲ ಬಿಗಿಯಾಗಿದೆ, ಅಣಬೆ ಇಲ್ಲ. ಭರಣಿ ಮಳೆಯ ಗಾಳಿಗೆ ಹೆಂಚಿನ ಮೇಲೆ ಬಾಗಿದ ಕೊಂಬೆ ಕವಲಿನಲ್ಲಿ ಬಿರಿದಿದೆ, ನಾಲ್ಕು ಬೆರಳು ಬಾಯಿ ಬಿಟ್ಟಿದೆ. ಮನೆಯಾಕೆ ಮೊಮ್ಮಗುವನ್ನು ಆ ಕೋಣೆಯಲ್ಲೇ ಮಲಗಿಸುತ್ತಾರೆ, ಅದಕ್ಕೇ ಅವರಿಗೆ ಇಡೀ ಮರದ ಮೇಲೆ ಭಯ. ಮರಕ್ಕೇನೂ ಆಗಿಲ್ಲ. ಹೋಗಬೇಕಾದದ್ದು ಆ ಒಂದು ಕೊಂಬೆ. ಅದೂ ಬುಡದಲ್ಲಿ ಕೊಯ್ದು ಬೀಳಿಸಿದರೆ ಹೆಂಚಿನ ಮೇಲೇ ಬೀಳುತ್ತದೆ. ತುದಿಯಿಂದ ಮೂರು ತುಂಡಾಗಿ ಇಳಿಸಬೇಕು. ಮೇಲಿನ ಗಟ್ಟಿ ಕವಲಿನ ಮೇಲೆ ಹಗ್ಗ ಹಾಯಿಸಿ, ಅದರ ಇನ್ನೊಂದು ತುದಿಯನ್ನು ಬುಡಕ್ಕೆ ಮೂರು ಸುತ್ತು ಸುತ್ತಿದರೆ ಒಬ್ಬ ಮನುಷ್ಯನೇ ಭಾರ ತಡೆದು ಸಲೀಸಾಗಿ ಇಳಿಸಬಹುದು, ಹಗ್ಗ ಮರದ ಮೇಲೆ ಉಜ್ಜಿಕೊಂಡೇ ಭಾರ ನುಂಗುತ್ತದೆ. ಆ ಒಬ್ಬ ನೀನಾಗಬೇಕು. ಮೇಲೆ ನಮ್ಮ ಹಳೆಯ ಜೊತೆಗಾರನ ಮಗ ಹೋಗುತ್ತಾನೆ, ಅವನಿಗೆ ಹೇಳಿದ್ದೇನೆ. ತಂತಿ ಕೊಂಬೆಯಿಂದ ಎಂಟಡಿಯೂ ಇಲ್ಲ, ಲೈನ್‌ಮನ್‌ಗೆ ನೀನು ಹೇಳಿಲ್ಲ ಅಂತ ಗೊತ್ತಾಯಿತು. ನಾಳೆ ಹೋಗಿ ಅರ್ಜಿ ಕೊಡು.

ಮನೆಯವರಿಗೆ ನಾನು ಏನೂ ಹೇಳಿಲ್ಲ. ಮರ ಉಳಿಯುತ್ತದೆ, ಕೊಂಬೆ ಮಾತ್ರ ತೆಗೆಯುತ್ತೇನೆ ಎಂದು ನೀನೇ ಹೋಗಿ ಹೇಳಬೇಕು. ಅವರ ಕೋಣೆಯಲ್ಲಿ ನಿಂತು ಬಿರಿದ ಜಾಗ ಕೈ ಮಾಡಿ ತೋರಿಸು, ಬುಡವನ್ನು ಅವರ ಎದುರೇ ತಟ್ಟಿ ಕೇಳಿಸು. ಮುಂಗಡದಲ್ಲಿ ಅರ್ಧ ವಾಪಸ್ ಕೊಡಬೇಕಾಗುತ್ತದೆ. ಮಷೀನು ನಮ್ಮ ಜಗಲಿಯಲ್ಲೇ ಇರಲಿ. ನೀನು ಬರುವ ಹೊತ್ತಿಗೆ ನಾನು ಅಟ್ಟದ ಮೇಲಿನ ಹಗ್ಗ ಇಳಿಸಿ, ಪೂರ್ತಿ ಬಿಚ್ಚಿ, ಎಲ್ಲಾದರೂ ಎಳೆ ಸವೆದಿದೆಯೇ ಎಂದು ಮೊಳ ಮೊಳವೂ ಕೈಯಲ್ಲಿ ತಡವಿ ನೋಡಿಟ್ಟಿರುತ್ತೇನೆ.